ಜಾರಿ ಬಿದ್ದ ಚಾಚಾ

ನಮ್ಮ ಓಣಿಯ ಟೇಲರ್ ಚಾಚಾರ ಎಡ ಮೊಣಕಾಲಿನ ಕೆಳಗೆ ಗೇಣುದ್ದದ ಗಾಯದ ಗುರುತಿತ್ತು. ಅದನ್ನು ಮುಚ್ಚಲಿಕ್ಕೆಂದೇ ಅವರು ತಮ್ಮ ಪಾಯಜಾಮವನ್ನು ನೆಲ ಗುಡಿಸುವಷ್ಟು ಉದ್ದ ಹೊಲಿದುಕೊಳ್ಳುತ್ತಿದ್ದರು. ಶಹಾಬಾದಿನ ಮಂದಿ ಬಿಡಬೇಕಲ್ಲ. ಹೊಸಬರು ಯಾರಾದರೂ ಬಂದರೆ, "ತೋರಸ್ರಿ ಚಾಚಾ" ಎಂದು ಪಾಯಜಾಮ ಎತ್ತಿಸಿಯೇ ಬಿಡುತ್ತಿದ್ದರು.

ನೀರು ತುಂಬಿದ ಹಳೆಯ ಫರಸಿ ಕಲ್ಲಿನ ಖಣಿಯಲ್ಲಿ ಮುಳುಗುತ್ತಿದ್ದ ನನ್ನ ಅಣ್ಣನನ್ನು ಉಳಿಸಿದಾಗ ಆದ ಗಾಯ ಅದು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬರುವ ಮೊದಲಿನ ಮಾತು. ಒಂದು ಕೈಯಲ್ಲಿ ಅಣ್ಣನ ಅಂಗಿ, ಇನ್ನೊಂದರಲ್ಲಿ ಕಲ್ಲಿನ ಅಂಚು ಹಿಡಿದು, ಕಲ್ಲು ಒಡೆಯುವವರು ಹಗ್ಗ ತರುವ ತನಕ ಅವರು ಬಿಟ್ಟಿರಲಿಲ್ಲ. ಅಂದಿನಿಂದ ತಾಯಂದಿರೆಲ್ಲ ಮಕ್ಕಳಿಗೆ, "ಚಾಚಾನಂಗ ಆಗ್ಬೇಕು ನೋಡು" ಎನ್ನುವವರೇ. ಅದು ಕಿವಿಗೆ ಬಿದ್ದರೆ ಅವರು ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದರು.

ಆ ವರ್ಷದ ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಅವರಿಗೆ ಸನ್ಮಾನ. ಚಾಚಾ ಎದ್ದು ನಿಂತು, "ನಾ ಜಿಗದಿಲ್ರಿ. ಪಾಚಿ ಮ್ಯಾಲ ಕಾಲಿಟ್ಟು ಜಾರಿ ಬಿದ್ದೀನಿ. ನನಗ ಈಜೇ ಬರಂಗಿಲ್ಲ" ಎಂದರು. ಜನ ನಕ್ಕು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ತರರಂತೂ, "ಎಷ್ಟು ವಿನಯ ನೋಡ್ರಿ" ಎಂದು ಇನ್ನೊಂದು ಮಾಲೆ ಹಾಕಿದರು. ಪುಣ್ಯಾತ್ಮರ ಆ ಫಜೀತಿ ನೆನೆದರೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ.

ಸಂಜೆ ಚಾಚಾ ನಮ್ಮ ಮನೆಗೆ ಬಂದರು. "ಅಕ್ಕಾ, ನೀವರೆ ಮಂದಿಗೆ ಹೇಳ್ರಿ. ಮಾರಿ ಎತ್ತಿ ತಿರಗಲಿಕ್ಕೆ ಆಗವಲ್ದು."

ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಲಿಲ್ಲ. "ಜಾರಿ ಬಿದ್ರಿ, ಖರೆ. ಆದ್ರ ನನ್ನ ಮಗನ ಅಂಗಿ ಯಾಕ ಬಿಡ್ಲಿಲ್ರಿ?"

ಚಾಚಾ ಬಿಸಿ ರೊಟ್ಟಿ ತಿಂದು ಎದ್ದರು.

ಮುಂದಿನ ಶುಕ್ರವಾರ ಅಂಗಡಿ ಮುಚ್ಚಿ, ಈಜು ಕಲಿಯುವ ಮಕ್ಕಳು ಕಟ್ಟಿಕೊಳ್ಳುವ ಒಣ ಸೋರೆಬುರುಡೆಯನ್ನು ಸೊಂಟಕ್ಕೆ ಬಿಗಿದುಕೊಂಡು ಖಣಿಗೆ ಬಂದರು. ಓಣಿಗೆ ಓಣಿಯೇ ದಂಡೆಯ ಮೇಲಿತ್ತು. "ನಗ್ರಿ, ನಗ್ರಿ. ಈಗರೆ ನಂಬ್ತೀರಿಲ್ಲೋ?" ಎನ್ನುತ್ತ ನೀರಿಗಿಳಿದರು. ಕಲ್ಲು ಒಡೆಯುವವರೇ ಅವರಿಗೆ ಈಜು ಕಲಿಸಿದರು.

ಆಮೇಲೆ ಅದೇ ಬುರುಡೆಯನ್ನು ಓಣಿಯ ಮಕ್ಕಳಿಗೆಲ್ಲ ಕಟ್ಟಿದರು. ಹುಡುಗಿಯರಿಗೆ ಮೈತುಂಬ ಉಡುಪು ಹೊಲಿದುಕೊಟ್ಟು ನನ್ನನ್ನೂ ಇಳಿಸಿದರು. ಇಳಿಸುವ ಮೊದಲು ತಾವಾಗಿಯೇ ಪಾಯಜಾಮ ಎತ್ತಿ ಗಾಯ ತೋರಿಸುತ್ತಿದ್ದರು: "ನಾ ಜಾರಿದ್ದು ಇಲ್ಲೇ ನೋಡವ್ವಾ. ನೀ ಅಲ್ಲಿ, ಆ ಒಣ ಕಲ್ಲಿನ ಮ್ಯಾಲ ಕಾಲಿಡು."

ಅವರು ತೀರಿಕೊಂಡು ಬಹಳ ವರ್ಷಗಳಾದವು. ಮೊನ್ನೆ ನನ್ನ ಮೊಮ್ಮಗಳು ನೀರಿಗೆ ಅಂಜಿ ಅಳುತ್ತ ನಿಂತಾಗ, ಚಾಚಾ ಅಣ್ಣನನ್ನು ಉಳಿಸಿದ ಕಥೆ ನನ್ನ ಬಾಯಿಗೆ ಬರಲಿಲ್ಲ. ಸೊಂಟಕ್ಕೆ ಬುರುಡೆ ಕಟ್ಟಿಕೊಂಡು ಬಂದ ಕಥೆ ಹೇಳಿದೆ. ಅವಳು ನಗುತ್ತಲೇ ನೀರಿಗಿಳಿದಳು.