ದಿಂಬಿನ ದಿಕ್ಕು

ಆಳಂದದ ಆ ಸಣ್ಣ ದವಾಖಾನೆಗೆ ನಾನು ನರ್ಸ್ ಕೆಲಸ ಕಲಿಯಲು ಸೇರಿದ್ದು ನಿಜಾಮರ ಆಳ್ವಿಕೆಯ ಕೊನೆಯ ದಿನಗಳಲ್ಲಿ. ತಿಂಗಳೊಳಗೆ ಕೆಲಸ ಕಲಿತರೆ ನೌಕರಿ, ಇಲ್ಲವಾದರೆ ಮಟಕಿ ಎಂಬ ಹಳ್ಳಿಯಲ್ಲಿದ್ದ ಅಣ್ಣನ ಮನೆಗೆ ವಾಪಸ್ಸು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ನನಗೆ ಅಲ್ಲಿ ಹಂಗಿನ ಊಟವೇ ಗತಿ.

ನಮಗೆ ಕಲಿಸುತ್ತಿದ್ದವರು ಹೈದರಾಬಾದಿನಿಂದ ಬಂದ ಹಿರಿಯ ನರ್ಸ್. ಬಾಯಿಸಾಹೇಬರು ಎನ್ನುತ್ತಿದ್ದೆವು. ರೋಗಿಯನ್ನು ಮುಟ್ಟುವ ಮೊದಲು ಬೊಂಬೆಯ ಮೇಲೆ ಕೈ ಪಳಗಬೇಕು ಎಂಬುದು ಅವರ ನಿಯಮ. ಗೋಣಿಚೀಲಕ್ಕೆ ಹೊಟ್ಟು ತುಂಬಿ, ಕೈಕಾಲು ಹೊಲಿದು, ಸೀರೆ ಉಡಿಸಿದ ಆ ಬೊಂಬೆಗೆ ನನ್ನ ಜೊತೆಗೆ ಸೇರಿದ ಹುಡುಗಿ ಚೀಲವ್ವ ಎಂದು ಹೆಸರಿಟ್ಟಳು. ದಿನವೂ ಚೀಲವ್ವನನ್ನು ಹೊರಳಿಸಿ ಚಾದರ ಬದಲಿಸಿದೆವು, ಮೈ ಒರೆಸಿದೆವು. ಆ ಶಿಸ್ತು ನನಗೆ ಒಗ್ಗಿತು. ಈಗಲೂ ನನ್ನ ಹಾಸಿಗೆಯಲ್ಲಿ ಸುಕ್ಕು ಕಾಣದು.

ಪರೀಕ್ಷೆಯ ದಿನ ಬೊಂಬೆಯನ್ನು ಬದಿಗಿಟ್ಟು, ನಮ್ಮಲ್ಲೇ ಒಬ್ಬರು ರೋಗಿ, ಇನ್ನೊಬ್ಬರು ನರ್ಸ್ ಆಗಬೇಕೆಂದರು. ನಾನು ರೋಗಿಯಾಗಿ ಹೋಗಿ ಮಲಗಿದೆ, ಕಾಲನ್ನು ದಿಂಬಿನ ಮೇಲೆ ಚಾಚಿ. ಯೋಚಿಸಿ ಮಾಡಿದ್ದಲ್ಲ. ಮೈ ತಾನೇ ಹಾಗೆ ತಿರುಗಿತು.

ಬಾಯಿಸಾಹೇಬರ ಮುಖ ಕೆಂಪಾಯಿತು. "ದಿಂಬು ಕಾಲಿಗೇನು? ಇದೇ ಕಲ್ತಿದ್ರ ನಾಳೆ ಊರಿನ ಬಂಡಿ ಹತ್ತು."

ಎದ್ದು ನಿಂತೆ. ದಿಂಬಿನ ಹಿಂದಿನ ಗೋಡೆ ತೋರಿಸಿದೆ. "ಆ ಗ್ವಾಡಿ ಕಡೆ ಉತ್ತರ ಐತ್ರಿ. ಉತ್ತರಕ್ಕ ತಲಿ ಮಾಡಿ ನಮ್ಮಾಗ ಯಾರೂ ಮಲಗಂಗಿಲ್ರಿ."

"ಬೊಂಬೆನ್ನ ದಿನಾ ಹಂಗೇ ಮಲಗಿಸ್ತಿದ್ದೆಲ್ಲ?"

"ಅದು ಚೀಲ ಐತಲ್ರಿ."

ನನ್ನ ಜೊತೆಯವಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಬಾಯಿಸಾಹೇಬರು ನಗಲಿಲ್ಲ. ಹಳ್ಳಿಯ ಹೆಂಗಸರು ಸಂಜೆ ದಾಖಲಾಗಿ ಬೆಳಗಾಗುವುದರೊಳಗೆ ಎದ್ದು ಹೋಗುವುದು ಅವರಿಗೆ ದೊಡ್ಡ ಚಿಂತೆಯಾಗಿತ್ತು. ಮಂಚಕ್ಕೆ ಹೆದರುತ್ತಾರೆ ಎಂದುಕೊಂಡಿದ್ದರು. ಅಂದು ಕಿಣ್ಣಿ ಸುಲ್ತಾನ ಎಂಬ ಹಳ್ಳಿಯ ಒಬ್ಬಾಕೆ ವಾರ್ಡಿನಲ್ಲಿ ಜ್ವರದಲ್ಲೂ ನೆಲದ ಮೇಲೇ ಕುಳಿತಿದ್ದಳು. ಅವಳ ಮುಂದೆ ಕುಳಿತು ಕಾರಣ ಕೇಳಿದರು.

"ನೀವು ಬೈತೀರಂತ ಸುಮ್ನಿದ್ದೆರಿ," ಎಂದಳು ಆಕೆ. "ಉತ್ತರಕ್ಕ ತಲಿ ಇಟ್ರ ನಿದ್ದಿ ಹೆಂಗ ಹತ್ತತೈತ್ರಿ?"

ಬಾಯಿಸಾಹೇಬರು ಮಂಚಗಳನ್ನೆಲ್ಲ ಎದುರಿನ ದಕ್ಷಿಣದ ಗೋಡೆಗೆ ತಲೆ ಬರುವಂತೆ ಸರಿಸಲು ಹೇಳಿದರು. ಸಾಲು ಸೊಟ್ಟಗಾಗಬಾರದೆಂದು ದಾರ ಹಿಡಿಸಿದರು. ಅದರ ಒಂದು ತುದಿ ನನ್ನ ಕೈಯಲ್ಲಿತ್ತು. ಜ್ವರದಾಕೆ ತಾನಾಗಿಯೇ ಮಂಚವೇರಿದಳು. ಅವಳ ಮೈ ಒರೆಸುವ ಕೆಲಸವನ್ನು ನನಗೇ ಕೊಟ್ಟರು. ನಿಂತು ಕೊನೆಯವರೆಗೂ ನೋಡಿದರು.

"ನಾಳಿಂದ ವಾರ್ಡಿನಾಗ ನಿಲ್ಲು," ಎಂದರು.

ಅಂದು ಸಂಜೆ ಹೊರಡುವ ಮೊದಲು, ಮುಂದೆ ಕಲಿಯಲು ಬರುವ ಹುಡುಗಿಯರಿಗಾಗಿ ಚೀಲವ್ವನನ್ನು ಮೂಲೆಯ ಮಂಚದಲ್ಲಿ ಮಲಗಿಸಿದೆ, ತಲೆ ದಕ್ಷಿಣಕ್ಕೆ ಮಾಡಿ.