ಉಪ್ಪಿನಕಾಯಿ ಹಾಕಿಟ್ಟ ಹೆಂಗಸು

ನಮ್ಮತ್ತೆಗೆ ಎಪ್ಪತ್ತೊಂಬತ್ತು. ಎರಡು ವರ್ಷದಿಂದ ಅವರದು ಒಂದೇ ಪ್ರಶ್ನೆ: "ನನ್ನ ಎಲ್ಲಿ ಇಡ್ತೀರಾ?" ಸತ್ತ ಮೇಲೆ ಎಂದು ಅರ್ಥ. ಅನ್ನಕ್ಕೆ ಸಾರು ಹಾಕಿಸಿಕೊಳ್ಳುವಾಗ ಕೇಳುತ್ತಾರೆ, ಹೂವಿನವಳು ಬಾಗಿಲಲ್ಲಿ ನಿಂತಿರುವಾಗ ಕೇಳುತ್ತಾರೆ. ಅವರ ಮನೆತನದಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಅದೂ ಸ್ವಂತ ಹೊಲದಲ್ಲಿ, ಮೂರನೇ ದಿನ ಹೋಗಿ ಹಾಲುತುಪ್ಪ ಬಿಟ್ಟು ಬರಲು ಹತ್ತಿರವಾಗುವ ಹಾಗೆ. ಆ ಹೊಲ ಈಗ ಕುಮಾರಸ್ವಾಮಿ ಲೇಔಟಿನ ಒಂದು ಕ್ರಾಸು. ನಮಗಿರುವುದು ಅಲ್ಲಿಂದ ಸ್ವಲ್ಪ ದೂರದಲ್ಲಿ ಒಂದು ಸೈಟು, ಅದರ ಮೇಲೆ ಮೂರಂತಸ್ತಿನ ಮನೆ, ಮೇಲೆ ಬಾಡಿಗೆಯವರು, ಕೆಳಗೆ ಗೇಟಿನವರೆಗೂ ಟೈಲ್ಸು. ಒಂದು ಹಿಡಿ ಮಣ್ಣು ಬೇಕಾದರೂ ನರ್ಸರಿಯಿಂದ ತರಬೇಕು.

ಮಾವನವರನ್ನು ಇಟ್ಟ ಹಳೇ ಊರಿನ ಸ್ಮಶಾನ ತುಂಬಿಹೋಗಿದೆ. ನನ್ನ ಗಂಡ, ಮೈದುನ ಇಬ್ಬರೂ ಕೂತು "ಕರೆಂಟಿಗೇ ಕೊಡೋದು", ಅಂದರೆ ವಿದ್ಯುತ್ ಚಿತಾಗಾರಕ್ಕೆ, ಎಂದು ಯಾವತ್ತೋ ತೀರ್ಮಾನ ಮಾಡಿಕೊಂಡಿದ್ದಾರೆ. ತಾಯಿಯ ಎದುರು ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ "ನೋಡೋಣಮ್ಮ" ಅನ್ನುತ್ತಾರೆ. ನನಗೆ ಎಲ್ಲ ಗೊತ್ತಿತ್ತು. ಪ್ರಶ್ನೆ ಬಂದ ಕೂಡಲೇ "ಕುಕ್ಕರ್ ಕೂಗ್ತು" ಎಂದು ಎದ್ದು ಹೋಗುತ್ತಿದ್ದೆ. ಎಷ್ಟೋ ಸಲ ಒಲೆಯ ಮೇಲೆ ಕುಕ್ಕರೇ ಇರುತ್ತಿರಲಿಲ್ಲ.

ನಾನು ಸಂಜೆ ಹೊತ್ತು ಪದ್ಮನಾಭನಗರದ ಒಂದು ಟ್ಯೂಷನ್ ಸೆಂಟರಿನಲ್ಲಿ ಲೆಕ್ಕ ಹೇಳಿಕೊಡುತ್ತೇನೆ. ಹೋದ ವರ್ಷ ಕಾಲು ಮುರಿದುಕೊಂಡು ಮನೆಯಲ್ಲಿ ಬಿದ್ದಿದ್ದಾಗ ಕಂಪ್ಯೂಟರಿನಲ್ಲಿ ಒಂದು ಆಟ ಹಿಡಿದುಕೊಂಡಿತು. ಅದೊಂದು ಹಳ್ಳಿ. ಅಲ್ಲಿರುವ ಒಬ್ಬೊಬ್ಬರನ್ನೂ ಎಲ್ಲೆಲ್ಲೋ ಕೂತವರು ಆಡಿಸುತ್ತಾರೆ. ನಾನು ಒಬ್ಬ ರೈತ ಹೆಂಗಸನ್ನು ಮಾಡಿಕೊಂಡೆ, ಹದಿನೆಂಟು ವರ್ಷದವಳು. ಈ ಆಟದಲ್ಲಿ ವಯಸ್ಸಾಗುತ್ತದೆ. ನಾವು ಐದು ದಿನ ಆಡಿದರೆ ಅವಳಿಗೊಂದು ವರ್ಷ. ನಲವತ್ತು ದಾಟಿದ ಮೇಲೆ ಕೂದಲು ಬೆಳ್ಳಗಾಗುತ್ತದೆ, ಅರವತ್ತರ ಮೇಲೆ ನೊಗ ಎತ್ತಲು ಆಗುವುದಿಲ್ಲ, ಆಮೇಲೆ ಒಂದು ದಿನ ಸಾಯುತ್ತಾಳೆ. ಯಾವತ್ತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಸತ್ತವರು ಮತ್ತೆ ಏಳುವುದಿಲ್ಲ. ಅವರು ಮೊದಲೇ ಆರಿಸಿಟ್ಟ ವಾರಸುದಾರರು ಮಣ್ಣು ಮಾಡಿ ಹೊಲ ತೆಗೆದುಕೊಳ್ಳುತ್ತಾರೆ.

ಅತ್ತೆ ಮೊದಮೊದಲು "ಓದಿದೋಳು ಗೊಂಬೆಯಾಟ ಆಡ್ತಾಳೆ" ಎಂದು ಮೂಗು ಮುರಿದರು. ಒಂದು ಮಧ್ಯಾಹ್ನ ನನ್ನ ಹಿಂದೆ ನಿಂತವರು, "ಯಾರಾದ್ರೂ ಈ ಹದದಲ್ಲಿ ರಾಗಿ ಚೆಲ್ತಾರಾ? ಮಣ್ಣು ಇನ್ನೂ ಹಸೀಗಿದೆ ನೋಡು," ಎಂದರು. ಅವರು ಹೇಳಿದ ಹಾಗೆ ತಡೆದು ಬಿತ್ತಿದೆ, ಬೆಳೆ ಸಖತ್ತಾಗಿ ಬಂತು. ಅಲ್ಲಿಗೆ ಮುಗಿಯಿತು. ದಿನಾ ಮೂರು ಗಂಟೆಗೆ ಸ್ಟೂಲ್ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂರುವರು. ಸಾಲು ಬಿಟ್ಟು ಅವರೆ ಹಾಕು, ಆ ಎತ್ತಿಗೆ ಇವತ್ತು ರಜ ಕೊಡು. ಇಪ್ಪತ್ತೆರಡು ವರ್ಷ ಒಂದೇ ಅಡುಗೆಮನೆಯಲ್ಲಿ ಉಪ್ಪು ಹೆಚ್ಚು, ಹುಳಿ ಕಮ್ಮಿ ಎಂದು ಕಚ್ಚಾಡಿದ ನಾವು ಹೊಲದಲ್ಲಿ ಒಂದು ದಿನವೂ ಜಗಳವಾಡಲಿಲ್ಲ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆಗ. ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ.

ಆಡುತ್ತಾ ಆಡುತ್ತಾ ಒಂದು ದಿನ ಅವಳಿಗೆ ಎಪ್ಪತ್ತೊಂಬತ್ತು ತುಂಬಿತು. ಅತ್ತೆ ಪರದೆ ನೋಡಿ, "ನನ್ನ ಓರಗೆಯೋಳಾದ್ಲು," ಎಂದು ನಕ್ಕರು. ನಾನು ಅವತ್ತಿನ ಆಟ ಅಲ್ಲಿಗೇ ನಿಲ್ಲಿಸಿದೆ.

ಈ ಆಟ ಆಡುವವರು ಒಂದು ಉಪಾಯ ಕಂಡುಕೊಂಡಿದ್ದಾರೆ. ನಾವು ಒಳಗೆ ಹೋಗದಿದ್ದರೆ ವಯಸ್ಸೂ ಏರುವುದಿಲ್ಲ. ಮುದುಕರನ್ನು ಹಾಗೆ ಆಡಿಸದೆ ಇಟ್ಟುಬಿಡುವುದಕ್ಕೆ ನಮ್ಮ ಕನ್ನಡದ ಗುಂಪಿನಲ್ಲಿ 'ಉಪ್ಪಿನಕಾಯಿ ಹಾಕೋದು' ಅನ್ನುತ್ತಾರೆ. ಮಾರನೇ ದಿನವೇ ನಾನು ಅವಳನ್ನು ಉಪ್ಪಿನಕಾಯಿ ಹಾಕಿದೆ. ಅತ್ತೆಗೆ "ಸರ್ವರ್ ರಿಪೇರಿ" ಎಂದೆ.

ಅದಾದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮೂರು ಗಂಟೆಯಾದರೆ ಸಾಕು, ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಸುತ್ತುವುದು. ಬೇಳೆ ಡಬ್ಬಿಗಳನ್ನು ಇಳಿಸಿ ಒರೆಸಿ ಮತ್ತೆ ಅಲ್ಲೇ ಇಟ್ಟೆ. ಮನೆ ಮುಂದೆ ಗಾಡಿಯಲ್ಲಿ ಬರುವ ಬದನೆಕಾಯಿಗೆ ಸ್ಕೂಟರ್ ಹತ್ತಿ ಜಯನಗರ ಫೋರ್ತ್ ಬ್ಲಾಕಿಗೆ ಹೋದೆ. ತ್ಯಾಗರಾಜನಗರದಲ್ಲಿ ಕೆಲಸವೇ ಇಲ್ಲದೆ ಮೂರು ಸುತ್ತು ಹಾಕಿ ವಾಪಸ್ ಬಂದೆ. ಅವಳು ಸತ್ತರೆ ಅತ್ತೆ ಅದನ್ನು ಶಕುನ ಅಂದುಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವೆಂದರೆ ಭಯ ನನ್ನದು. ಅವಳು ಸತ್ತರೆ ಅವಳನ್ನು ಎಲ್ಲಿಡುವುದು ಎಂಬ ಮಾತು ಬರುತ್ತದೆ, ಆ ಮಾತು ಬಂದರೆ ಅತ್ತೆಯ ಪ್ರಶ್ನೆ ಬರುತ್ತದೆ, ಆಗ ಕುಕ್ಕರ್ ಕೂಗುವುದಿಲ್ಲ.

ಎರಡು ತಿಂಗಳು ಹೀಗೇ ತಳ್ಳಿದೆ. ನಮ್ಮವಳ ವಾರಸುದಾರಳನ್ನು ಆಡಿಸುವವಳು ಜೆ.ಪಿ. ನಗರದ ಒಬ್ಬ ಫಿಸಿಯೋಥೆರಪಿಸ್ಟ್. ನನ್ನ ಮುರಿದ ಕಾಲಿನಿಂದಲೇ ಪರಿಚಯವಾದವಳು. ಒಂದು ದಿನ ನಾನು ಸ್ನಾನಕ್ಕೆ ಹೋಗಿದ್ದಾಗ ಅವಳ ಫೋನ್ ಬಂತು. ಅತ್ತೆ ಎತ್ತಿಕೊಂಡರು. ನಾನು ಈಚೆ ಬಂದಾಗ ಫೋನ್ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಸರ್ವರ್ ಚೆನ್ನಾಗೇ ಅದಂತೆ," ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸುಮ್ಮನೆ ಟವೆಲ್ ಸರಿಮಾಡಿಕೊಂಡೆ.

"ಅವಳ ಪಾಡಿಗೆ ಉಳ್ತಾ ಬಿತ್ತಾ ಇದ್ದೋಳನ್ನ ಜಾಡೀಲಿ ಹಾಕಿ ಮುಚ್ಚಿಟ್ಟಿದ್ದೀಯಲ್ಲ, ಅವಳೇನು ನಿನ್ನ ಕೇಳ್ಕೊಂಡಿದ್ಲಾ? ತೆಗಿ ಆಚೆಗೆ."

ತೆಗೆದೆ. ಮತ್ತೆ ಆಡಲು ಶುರು ಮಾಡಿದ ಹನ್ನೊಂದನೇ ದಿನ, ಮಧ್ಯಾಹ್ನ ನಾಲ್ಕರ ಸುಮಾರಿಗೆ, ಅವರೆ ಕಾಯಿ ಬಿಡಿಸುತ್ತಿದ್ದವಳು ಸಾಲಿನ ನಡುವೆ ಕೂತಳು. ಎಷ್ಟು ಒತ್ತಿದರೂ ಏಳಲಿಲ್ಲ. ಪರದೆಯ ಮೇಲೆ ಒಂದು ಸಾಲು ಬಂತು. ಅತ್ತೆಗೆ ಅಂಕಿ ಬಿಟ್ಟರೆ ಓದಲು ಬಾರದು, "ಏನ್ ಬರ್ದವ್ರೆ?" ಎಂದು ಕೇಳಿದರು. ನಾನು ಕೀಬೋರ್ಡಿನಿಂದ ಕೈ ತೆಗೆದೆ. ಅವರೇ ಅರ್ಥ ಮಾಡಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡರು.

ವಾರಸುದಾರಳಿಗೆ ಕ್ಲಿನಿಕ್ ಮುಗಿಯುವುದು ಆರಕ್ಕೆ. ಅಲ್ಲಿಯವರೆಗೆ ಹೆಣ ಹೊಲದಲ್ಲೇ ಇರಬೇಕು. ನಾನು ಕಂಪ್ಯೂಟರ್ ಆರಿಸಲು ಹೋದಾಗ ಅತ್ತೆ ಕೈ ಹಿಡಿದರು. "ಹೆಣಾನ ಒಂಟಿ ಬಿಟ್ಟು ಹೋಗಬಾರ್ದು. ಕೂತ್ಕೋ." ಸರಿ, ಐದು ಗಂಟೆಯ ಕ್ಲಾಸಿನ ಗತಿ? ಮಕ್ಕಳ ತಾಯಂದಿರ ವಾಟ್ಸಾಪ್ ಗುಂಪಿಗೆ "ಮನೆಯಲ್ಲಿ ಸಾವಾಗಿದೆ, ಇವತ್ತು ಕ್ಲಾಸ್ ಇರುವುದಿಲ್ಲ" ಎಂದು ಹಾಕಿದೆ. ಹಾಕುವಾಗ ಅದು ಸುಳ್ಳು ಎಂದು ಅನ್ನಿಸಲೇ ಇಲ್ಲ.

ಐದೂ ಕಾಲಿಗೆ ಗೇಟಿನ ಸದ್ದಾಯಿತು. ನಮ್ಮ ಹಿಂದಿನ ರಸ್ತೆಯಲ್ಲೇ ಇರುವ ಒಬ್ಬ ಹುಡುಗಿಯ ತಾಯಿ, ಕೈಯಲ್ಲಿ ಮೂರು ಡಬ್ಬಿಯ ಕ್ಯಾರಿಯರ್. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಅಕ್ಕಪಕ್ಕದವರು ತಂದು ಕೊಡುವುದು ರೂಢಿ. ಆಕೆ ನನ್ನ ಕೈ ಹಿಡಿದುಕೊಂಡು ಪಿಸುಗುಟ್ಟಿದಳು.

"ಮೆಸೇಜ್ ನೋಡ್ದೆ ಮೇಡಂ. ನಿಮ್ಮತ್ತೆ ಮೊನ್ನೆ ತಾನೆ ಸೊಪ್ಪು ತಗೊಳ್ತಾ ಮಾತಾಡ್ಸಿದ್ರು. ಎಲ್ಲಿಗೆ ತಗೊಂಡ್ ಹೋಗ್ತೀರಾ, ಕರೆಂಟಿಗಾ?"

ಹಿಂದಿನಿಂದ ಅತ್ತೆಯ ದನಿ ಬಂತು. "ಹೇಳು ಅವರಿಗೆ. ಅದನ್ನೇ ನಾನೂ ಕೇಳ್ತಾ ಇದೀನಿ."

ಆಕೆಯ ಕೈಯಿಂದ ಕ್ಯಾರಿಯರ್ ಜಾರಿತು, ನಾನು ಹಿಡಿದುಕೊಂಡೆ. ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದರು, ನಗುತ್ತಲೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ನನಗೆ ಓಡಿಹೋಗಬೇಕು ಅನ್ನಿಸಿತು. ಸ್ಕೂಟರಿನ ಕೀ ಎಲ್ಲಿದೆ ಎಂದು ಕೂಡ ಯೋಚಿಸಿದೆ.

"ಜಾಗ ಇಲ್ಲ ಅತ್ತೆ," ಎಂದೆ. "ಮಾವನವರ ಹತ್ರ ತುಂಬೋಗಿದೆ. ಇವರಿಬ್ಬರೂ ಕರೆಂಟಿಗೇ ಅಂತ ಮಾತಾಡ್ಕೊಂಡಿದ್ದಾರೆ. ನನಗೆ ಗೊತ್ತಿತ್ತು. ಹೇಳೋಕೆ ಧೈರ್ಯ ಬರಲಿಲ್ಲ."

ಅತ್ತೆ ಬಂದು ನನ್ನ ಕೈಯಿಂದ ಕ್ಯಾರಿಯರ್ ತೆಗೆದುಕೊಂಡರು. ಬಂದಾಕೆ ಪಾಪ, ಇರಲೋ ಹೋಗಲೋ ತಿಳಿಯದೆ ನಿಂತಿದ್ದಳು. "ಒಳಗೆ ಬಾಮ್ಮ," ಎಂದರು ಅತ್ತೆ, "ಆರು ಗಂಟೆಗೆ ಮಣ್ಣು ಮಾಡ್ತಾರೆ, ನೋಡ್ಕೊಂಡು ಹೋಗು." ಆಕೆ ತಾನೇ ತಂದ ಚಿತ್ರಾನ್ನದ ತಟ್ಟೆ ಹಿಡಿದು ಕಂಪ್ಯೂಟರಿನ ಮುಂದೆ ಕೂತಳು. ಆರಕ್ಕೆ ವಾರಸುದಾರಳು ಬಂದು ಮೈಕಿನಲ್ಲಿ, "ಅಜ್ಜಿ, ಊರಾಚೆ ಸ್ಮಶಾನಕ್ಕೆ ತಗೊಂಡ್ ಹೋಗ್ತೀನಿ, ಹೊಲದಲ್ಲಿ ಹೂತ್ರೆ ಅಷ್ಟು ಜಾಗದಲ್ಲಿ ಬೆಳೆ ಬರಲ್ಲ," ಎಂದಳು.

"ಬರದೇ ಇದ್ರೆ ಬೇಡ," ಎಂದರು ಅತ್ತೆ. "ಅವಳಿಗೆ ಹೊಲ ಐತೆ. ಅಲ್ಲೇ ಇಡು."

ಅಲ್ಲೇ ಇಟ್ಟಳು. ಅತ್ತೆ ಆಮೇಲೆ ತಲೆಗೆ ನೀರು ಹಾಕಿಕೊಂಡು ಬಂದು ಮಲಗಿದರು.

ಬೆಳಿಗ್ಗೆ ಕಾಫಿ ಕುಡಿದು, "ಸುಟ್ಟ ಮೇಲೆ ಬೂದಿ ಕೊಡ್ತಾರಾ?" ಎಂದು ಕೇಳಿದರು. ಕೊಡುತ್ತಾರೆ ಎಂದೆ. "ಹಂಗಾದ್ರೆ ಗಾಡಿ ತೆಗಿ."

ಹಿಂದೆ ಕೂತು ದಾರಿ ಹೇಳಿದರು. ಎಡಕ್ಕೆ, ಇನ್ನೊಂದು ಎಡಕ್ಕೆ, ಮಿಕ್ಸಿ ರಿಪೇರಿ ಅಂಗಡಿ ದಾಟಿ, ನಿಲ್ಲಿಸು. ಒಂದು ಹಳದಿ ಮನೆ. ಅದರ ಕಾಂಪೌಂಡಿಗೂ ಮೋರಿಗೂ ನಡುವೆ ಎರಡು ಅಡಿ ಅಗಲದ ಮಣ್ಣು, ಯಾರೋ ದೊಡ್ಡಪತ್ರೆ ಹಾಕಿದ್ದರು. ಅತ್ತೆ ಚಪ್ಪಲಿ ಬಿಟ್ಟು ಅದರ ಮೇಲೆ ನಿಂತರು.

"ನಮ್ಮ ಹೊಲದ್ದೇ ಮಣ್ಣು," ಎಂದರು. "ಇಷ್ಟು ಸಾಕು ನನಗೆ. ಆದ್ರೆ ಕಳ್ಳತನದಲ್ಲಿ ಸುರಿದು ಓಡಿಹೋಗಬೇಡಿ. ಕೇಳಿ ಹಾಕಿ."

ನನಗೆ ಅಳು ಬಂತು. ಅತ್ತೆ, ಇನ್ನೂ ಬಹಳ ದಿನ ಇರಿ ಎಂದು ಹೇಳಬೇಕು ಅನ್ನಿಸಿತು. ಅದರ ಬದಲು ಹೋಗಿ ಗುರುತಿಲ್ಲದ ಆ ಮನೆಯ ಬೆಲ್ ಒತ್ತಿದೆ. ನೈಟಿಯ ಮೇಲೆ ಟವೆಲ್ ಹೊದ್ದ ಹೆಂಗಸೊಬ್ಬರು ಬಂದು ಗೇಟಿನಾಚೆಯಿಂದಲೇ, "ಯಾರು ಬೇಕಿತ್ತು?" ಎಂದರು.

"ಇವರು ನಮ್ಮತ್ತೆ," ಎಂದೆ. "ಇವರಿಗೋಸ್ಕರ ನಿಮ್ಮ ಹತ್ರ ಒಂದು ಮಾತು ಕೇಳಬೇಕಿತ್ತು."