ನೊಲ್ಬೆರ್ತೊನ ಆಲೂಗಡ್ಡೆ ಗುಟ್ಟು

ನಮ್ಮ ಚಿಲೋಯೆ ದ್ವೀಪದಲ್ಲಿ ಬೂಷ್ಟು ಹಿಡಿಯದ ಜಾಗವೆಂದರೆ ಸೌದೆ ಒಲೆಯ ಪಕ್ಕ. ಅಲ್ಲೇ ಎಡೆಲ್ಮಿರಾ ಒಂದು ಹಳೆಯ ಕಂಪ್ಯೂಟರ್ ಇಟ್ಟಿದ್ದಾಳೆ. ಅಂಚೆ ಕೆಲಸದಿಂದ ನಿವೃತ್ತಳಾದ ಮೇಲೆ ನಮ್ಮ ಆರು ಮನೆಗಳ ಕಂಪ್ಯೂಟರುಗಳಲ್ಲಿರುವುದನ್ನೆಲ್ಲ ಅದಕ್ಕೆ ನಕಲಿಳಿಸಿ ಕಾಯುವುದೇ ಅವಳ ಕಸುಬು. ಎಲ್ಲವೂ ಗುಡ್ಡದ ಮೇಲಿನ ಒಂದೇ ಆಂಟೆನಾ ಹಾದು ಬರಬೇಕು. ಅದಕ್ಕೂ ಬಸವನಹುಳುವಿಗೂ ಪಂದ್ಯ ಇಟ್ಟರೆ ಹುಳುವೇ ಗೆದ್ದೀತು.

ನೆರೆಮನೆಯ ನೊಲ್ಬೆರ್ತೊ ಮಾತ್ರ ಏನನ್ನೂ ಕೊಟ್ಟಿರಲಿಲ್ಲ. "ನನ್ನ ಗುಟ್ಟು ನಿಮ್ಮ ಒಲೆ ಪಕ್ಕ ಯಾಕೆ?" ಅನ್ನುತ್ತಿದ್ದ. ಗುಟ್ಟೆಂದರೆ ಆಲೂಗಡ್ಡೆ: ಇಪ್ಪತ್ತೆರಡು ವರ್ಷ ಬೆಳೆದ ಅರವತ್ತು ತಳಿಗಳ ಚಿತ್ರ, ಯಾವ ಬೀಜ ಯಾರದು ಎಂಬ ಬರಹ, ಎಲ್ಲ ಅವನ ಕಂಪ್ಯೂಟರಿನಲ್ಲೇ.

ಒಂದು ಶನಿವಾರ ಬೆಳಿಗ್ಗೆ ಕೆಸರುಗಾಲಲ್ಲೇ ಓಡಿಬಂದ.

"ಎಡೆಲ್ಮಿರಾ ಅವರೇ, ನನ್ನ ಕಂಪ್ಯೂಟರ್ ಒಳಗೊಳಗೇ ಟಕ್ ಟಕ್ ಅಂತಿದೆ!"

"ಆರಿಸಿದ್ರಾ?"

"ಇಲ್ಲ."

"ಮುಟ್ಟಬೇಡಿ. ಆರಿಸಿದ್ರೆ ಮತ್ತೆ ಏಳಲ್ಲ. ಎತ್ಕೊಂಡೂ ಬರಬೇಡಿ, ಇದ್ದಲ್ಲಿಂದಲೇ ಆಂಟೆನಾ ಮೂಲಕ ಎಲ್ಲ ಎಳೀತೀನಿ."

ಆದರೆ ಎಲ್ಲರೂ ಆಂಟೆನಾ ಬಳಸುತ್ತಿದ್ದರೆ ಮೂರು ದಿನ ಬೇಕು. ಆ ಕಂಪ್ಯೂಟರ್ ಸಂಜೆವರೆಗೆ ಬದುಕಿದರೆ ಹೆಚ್ಚು.

"ಮಿಂಗಾ ಮಾಡೋಣ" ಅಂದಳು ಎಡೆಲ್ಮಿರಾ.

ಮರದ ಮನೆಯನ್ನೇ ಇಡಿಯಾಗಿ ಬೇರೆ ಜಾಗಕ್ಕೆ ಸಾಗಿಸುವಾಗ ಊರೆಲ್ಲ ಸೇರಿ ಎತ್ತು ಕಟ್ಟಿ ಎಳೆಯುತ್ತೇವಲ್ಲ, ಅದೇ ಮಿಂಗಾ. ಈ ಸಲ ಎಳೆಯುವ ಬದಲು ಎಲ್ಲರೂ ಕೈಬಿಡಬೇಕಿತ್ತು. ಟಿವಿ, ಫೋನು ಆರಿಸಿ ಅವಳ ಅಂಗಳಕ್ಕೆ ಬಂದೆವು. ಮಿಂಗಾ ಮಾಡಿಸಿಕೊಂಡವನೇ ಉಣಿಸಬೇಕು. ನೊಲ್ಬೆರ್ತೊ ಬುಟ್ಟಿಗಟ್ಟಲೆ ಆಲೂಗಡ್ಡೆ ತುರಿದು ರೊಟ್ಟಿ ಕರಿದ. ಸೇಬಿನ ಹೆಂಡ ಹರಿಯಿತು.

ಮಧ್ಯಾಹ್ನವಾದರೂ ಬಂದದ್ದು ಕಾಲು ಭಾಗ.

"ಯಾರೋ ಕದ್ದು ಸೀರಿಯಲ್ ನೋಡ್ತಿದೀರಿ!" ಎಡೆಲ್ಮಿರಾ ಒಬ್ಬೊಬ್ಬರ ಜೇಬು ತಡಕಿದಳು.

ನೊಲ್ಬೆರ್ತೊ ಜಾಲರಿ ಸೌಟನ್ನು ಅವಳ ಕಿಟಕಿಯತ್ತ ತೋರಿಸಿದ. "ಮಿಂಗಾಕ್ಕೆ ಅಕಾರ್ಡಿಯನ್ ಬೇಕೇ ಬೇಕು ಅಂತ ಬೆಳಿಗ್ಗೆಯಿಂದ ಫೋನಲ್ಲಿ ಹಾಡು ಹಾಕಿರೋದು ಯಾರು? ಆ ಹಾಡು ಬರ್ತಿರೋದು ಯಾವ ಆಂಟೆನಾದಿಂದ?"

ಅವಳ ಮುಖ ನಾಚಿಕೆಗೆ ಕೆಂಪಾಯಿತು.

"ಎತ್ತಿನ ಮುಂದೆ ಅಡ್ಡ ಮಲಗಿದ್ದು ನೀವೇನಾ ಮಾರಾಯ್ತಿ!" ಅಂದ ನೊಲ್ಬೆರ್ತೊ.

ನಮ್ಮ ನಗೆಗೆ ಕೋಳಿಗಳು ಬೇಲಿ ಹಾರಿದವು. ಹಾಡು ನಿಂತಿತು. ನೊಲ್ಬೆರ್ತೊ ಎಣ್ಣೆಗೈ ಒರೆಸಿ ತನ್ನ ಅಕಾರ್ಡಿಯನ್ ತಂದ. ಅದರ ಮೂರು ಗುಂಡಿ ನುಡಿಯುತ್ತಿರಲಿಲ್ಲ. ಕುಣಿಯಲು ಉಳಿದವು ಸಾಕಾದವು.

ಐದು ಗಂಟೆಗೆ ಕೊನೆಯ ಚಿತ್ರ ಬಂತು. ನೊಲ್ಬೆರ್ತೊ ಮನೆಗೆ ಹೋಗಿ ನೋಡಿಬಂದ. "ಟಕ್ ಟಕ್ಕೂ ಇಲ್ಲ, ಬೆಳಕೂ ಇಲ್ಲ. ಹೋಯ್ತು."

ನಕಲು ಸರಿಯಿದೆಯೋ ನೋಡಲು ಎಡೆಲ್ಮಿರಾ ಆ ಕೊನೆಯ ಚಿತ್ರ ತೆರೆದಳು. ನೇರಳೆ ಬಣ್ಣದ ಸೊಟ್ಟ ಗಡ್ಡೆ. ಕೆಳಗೆ: "ಎಡೆಲ್ಮಿರಾಳ ಅಮ್ಮನ ಹಿತ್ತಲಿಂದ. ಕೇಳದೆ."

ನೊಲ್ಬೆರ್ತೊ ಟೋಪಿ ಕೆಳಗೆಳೆದುಕೊಂಡ.

ಅವಳು ಪರದೆಯ ಹತ್ತಿರಕ್ಕೆ ಬಾಗಿದಳು. "ಈ ಬೀಜ ನಮ್ಮನೇಲಿ ಅಮ್ಮನ ಕಾಲಕ್ಕೇ ಮುಗಿದುಹೋಯ್ತು. ನಿಮ್ಮಲ್ಲಿ ಇನ್ನೂ ಇದೆಯಾ?"

"ಎರಡು ಮಡಿ."

"ಕಳ್ಳ! ನಾಳೆ ಒಂದು ಬುಟ್ಟಿ ತನ್ನಿ" ಎಂದು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.